ಕನ್ನಡಕದ ಡಬ್ಬಿಯ ವಿಮಾನ

ಭಾನುವಾರ ಸಂಜೆ
ಊಟದ ಮೇಜು (ಅರ್ಧ ಭಾಗ ಅಂಟು ಮೆತ್ತಿದೆ)

ಮಹಾಮಹಿಮ ಕ್ಯಾಪ್ಟನ್ ಅವರ ಸನ್ನಿಧಾನಕ್ಕೆ, ಅರ್ಥಾತ್ ಅಕ್ಕನಿಗೆ,

ಸಾಷ್ಟಾಂಗ ನಮಸ್ಕಾರ. ಮಂಚಕ್ಕೂ ಕಪಾಟಿಗೂ ನಡುವೆ ಎಂಟು ಅಂಗ ಚಾಚುವಷ್ಟು ಜಾಗವಿಲ್ಲ. ಸದ್ಯಕ್ಕೆ ನಾಲ್ಕು ಸ್ವೀಕರಿಸು, ಉಳಿದ ನಾಲ್ಕು ನೀನು ಬಂದಾಗ ಸಲ್ಲುತ್ತವೆ. ಉತ್ತರ ತಡವಾಯಿತು, ಕ್ಷಮೆ ಇರಲಿ. ಸೋಮಾರಿತನವೇ ಕಾರಣ ಎಂದು ಅಮ್ಮ ಹೇಳಿದರೆ ನಂಬಬೇಡ, ಅದು ಅಪಪ್ರಚಾರ. ನಾನು ವಿಮಾನ ಕಟ್ಟುತ್ತಿದ್ದೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ಸುಧಾರಿಸಿದೆ, ಈಗ ನನ್ನನ್ನು ಅಟ್ಟಿಸಿಕೊಂಡು ಬರುವಷ್ಟು. ಅಪ್ಪ ಕನ್ನಡಕವನ್ನು ಕಾಲುಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋಗುತ್ತಿದ್ದಾರೆ. ಡಬ್ಬಿ ಎಲ್ಲಿದೆ ಅಂತ ಅವರಿಗೆ ಗೊತ್ತು, ಆದರೂ ಕೇಳುವುದಿಲ್ಲ. ದೊಡ್ಡ ಮನುಷ್ಯರು.

ಬಂದರಿನ ಉಪ್ಪುಗಾಳಿಗೆ ನಿನ್ನ ತಲೆಯಿಂದ ಎಲ್ಲ ತೊಳೆದುಹೋಗಿದ್ದರೆ ಎಂಬ ಭಯದಿಂದ ನಮ್ಮ ಭಾನುವಾರದ ಆಟದ ಶಾಸನಗಳನ್ನು ಮತ್ತೊಮ್ಮೆ ನಿವೇದಿಸುತ್ತೇನೆ. ನಾವು ನಾಲ್ವರು. ಎದುರುಮನೆಯ ವೈರಿಂಗ್ ಅಣ್ಣ ಸೂತ್ರಧಾರ. ಎಂಟು ಚಂದ್ರರಿರುವ ಒಂದು ಗ್ರಹದ ಕಥೆಯನ್ನು ಆತ ಹೇಳುತ್ತಾ ಹೋಗುತ್ತಾನೆ. ನೀನು ಕ್ಯಾಪ್ಟನ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಿನ್ನ ಗೆಳತಿ, ಕನ್ನಡಕದಿಂದಾಗಿ ಚಾಳೀಸು ಎಂದು ಹೆಸರು ಬಿದ್ದವಳು, ಗಗನವೈದ್ಯೆ. ನಾನು ವಾಹನಶಿಲ್ಪಿ. ಯಾರು ಏನು ಮಾಡುತ್ತೇವೋ ನಾವೇ ಹೇಳುತ್ತೇವೆ, ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ವಾಹನವನ್ನು ಮಾತ್ರ ರಟ್ಟಿನಲ್ಲಿ ನಿಜವಾಗಿಯೇ ಕಟ್ಟಬೇಕು. ಅದು ಅಪ್ಪನ ಕನ್ನಡಕದ ಡಬ್ಬಿಯೊಳಗೆ ಹಿಡಿಸಬೇಕು, ಏಕೆಂದರೆ ಅದೇ ನಮ್ಮ ಗ್ಯಾರೇಜು. ಬಿರುಗಾಳಿ ಬಂದಾಗ ಕುರ್ಚಿಯಿಂದ ಕುರ್ಚಿಗೆ ಇಳಿಜಾರಾಗಿ ಕಟ್ಟಿದ ದಾರದ ಮೇಲೆ, ಟೇಬಲ್ ಫ್ಯಾನಿನ ಮುಂದೆ ಹಾಯಬೇಕು. ಮಗುಚಿದರೆ ಎಲ್ಲರೂ ಸತ್ತ ಹಾಗೆ.

ಇನ್ನೊಂದು ಶಾಸನ ನೀನೇ ಬರೆದದ್ದು. ಆಟಕ್ಕೆ ಬಾರದವರು ನಿದ್ದೆಹೋದ ಸಾಮಾನು; ಅವರ ಬದಲಿಗೆ ಒಂದು ಕಬ್ಬಿಣದ ನಟ್ಟನ್ನು ವಾಹನದಲ್ಲಿ ಹೊರಬೇಕು. ತಡವಾಗಿ ಬರುವ ಚಾಳೀಸುಗೆ ಬುದ್ಧಿ ಕಲಿಸಲು ಮಾಡಿದ್ದು. ಈಗ ಐದು ತಿಂಗಳಿಂದ ನೀನೇ ನಟ್ಟು.

ಹೇಳಬಾರದು, ಆದರೂ ಹೇಳುತ್ತೇನೆ: ನೀನು ಬಹಳ ಭಾರ. ಹಿಂದಿನ ಸೀಟಿನಲ್ಲಿ ಕೂರಿಸಿದರೆ ವಾಹನ ಬಾಲ ಬಗ್ಗಿಸುತ್ತದೆ, ಮುಂದೆ ಕೂರಿಸಿದರೆ ಮೂಗು ತಗ್ಗಿಸುತ್ತದೆ. ಫ್ಯಾನು ತಿರುಗಿದ ಕೂಡಲೇ ಎಲ್ಲರೂ ತಲೆಕೆಳಗು. ಒಂದರ ಮೇಲೊಂದರಂತೆ ನನ್ನ ವಾಹನಗಳೆಲ್ಲ ಮಣ್ಣುಮುಕ್ಕಿದವು. ಹೋದ ವಾರ ಚಾಳೀಸುವಿನ ತಾಳ್ಮೆ ಮುಗಿಯಿತು.

"ಆ ನಟ್ಟು ಬಿಚ್ಚಿ ಬಿಸಾಕೇ. ಬರದೇ ಇರೋರನ್ನ ಎಷ್ಟು ದಿನ ಅಂತ ಹೊತ್ಕೊಂಡು ಹಾರೋದು?"

"ಬರ್ತಾಳೆ," ಅಂದೆ.

"ಅವಳಿಗೆ ಅಲ್ಲಿ ನಿಜವಾದ ಕ್ರೇನ್ ಕೊಟ್ಟಿದಾರೆ ಕಣೇ. ನಿನ್ನ ರಟ್ಟು ಯಾಕೆ ಬೇಕು?"

"ತನ್ನ ದಾಳ ಜೊತೆಗೇ ತಗೊಂಡು ಹೋಗಿದಾಳೆ. ಆಟ ಬಿಡೋರು ದಾಳ ಯಾಕೆ ಒಯ್ತಾರೆ?"

ಚಾಳೀಸು ಕನ್ನಡಕ ಒರೆಸಿಕೊಂಡಳು, ಅಂದರೆ ಮಾತು ನಾಟಿತು. ವೈರಿಂಗ್ ಅಣ್ಣ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: "ಇನ್ನೊಂದೇ ವಾರ. ಮುಂದಿನ ಭಾನುವಾರಾನೂ ಮಗುಚಿದ್ರೆ ಕ್ಯಾಪ್ಟನ್ನ ಮೂರನೇ ಚಂದ್ರನ ಮೇಲೆ ಇಳಿಸಿ ಮುಂದೆ ಹೋಗೋದು. ಅಳೋ ಹಾಗಿಲ್ಲ."

ಯಾರು ಅತ್ತರು? ಕಣ್ಣಿಗೆ ಅಂಟು ಸಿಡಿದಿತ್ತು.

ಆ ವಾರವೆಲ್ಲ ತಲೆ ಕೆರೆದುಕೊಂಡೆ. ಅಮ್ಮ ಹೇನು ನೋಡಲು ಬಾಚಣಿಗೆ ತಂದಳು. ಕೊನೆಗೆ ದಾರಿ ತೋರಿಸಿದ್ದು ನಿನ್ನದೇ ಪತ್ರ. ಒಂದು ಕುರ್ಚಿ, ಕಾಲಡಿಯಲ್ಲಿ ಗಾಜು, ನೀರಿನ ಬಾಟಲಿಗೂ ಜಾಗವಿಲ್ಲದ ಕ್ಯಾಬಿನ್, ಅದರಲ್ಲಿ ತೂಗುತ್ತಾ ಕೂತರೆ ಕೆಳಗೆ ಲಾರಿಗಳು ಬೆಂಕಿಪೊಟ್ಟಣದಷ್ಟು ಕಾಣುತ್ತವೆ ಎಂದು ಬರೆದಿದ್ದೆಯಲ್ಲ. ಓದುತ್ತಿದ್ದಂತೆ ಹೊಳೆಯಿತು: ನಿನ್ನನ್ನು ಒಳಗೆ ಕೂರಿಸುವುದೇ ತಪ್ಪು! ಕೆಳಗೆ ತೂಗುಹಾಕಬೇಕು.

ಅಂಗಿಯ ಪೊಟ್ಟಣದ ರಟ್ಟಿನಿಂದ ಮೈ, ಬೆನ್ನಿಗೆ ಅಂಟಿಸಿದ ಜ್ಯೂಸ್ ಹೀರುವ ಕೊಳವೆಯೊಳಗೆ ದಾರ. ಹೊಟ್ಟೆಯ ಕೆಳಗೆ ಮಾತ್ರೆ ಹಾಳೆಯ ಒಂದು ಪಾರದರ್ಶಕ ಗುಳಿ ಕತ್ತರಿಸಿ ಗಾಜಿನ ಕ್ಯಾಬಿನ್ ಮಾಡಿದೆ, ಅದರೊಳಗೆ ನಿನ್ನನ್ನು ಪ್ರತಿಷ್ಠಾಪಿಸಿದೆ. (ಮಾತ್ರೆಯನ್ನು ಅಮ್ಮ ನುಂಗಿಯಾದ ಮೇಲೆಯೇ ಕತ್ತರಿಸಿದ್ದು, ಗಾಬರಿಯಾಗಬೇಡ.) ಎರಡು ಪಿನ್ನುಗಳ ಮೇಲೆ ಕ್ಯಾಬಿನ್ ಮಡಚಿಕೊಳ್ಳುತ್ತದೆ, ಮಡಚಿದರೆ ಡಬ್ಬಿಯ ಮುಚ್ಚಳ ಟಪ್ ಎಂದು ಕೂರುತ್ತದೆ.

ಇವತ್ತು ಪರೀಕ್ಷೆ. ವೈರಿಂಗ್ ಅಣ್ಣ ಫ್ಯಾನನ್ನು ಎರಡಕ್ಕೆ ತಿರುಗಿಸಿದ. ವಾಹನ ಓಲಾಡಿತು, ನಡುವಿನಲ್ಲಿ ಒಂದು ಕ್ಷಣ ಪೂರ್ತಿ ವಾಲಿತು. ಆಮೇಲೆ ನೀನು ಕೆಳಗಿನಿಂದ ಎಳೆದೆ ನೋಡು, ನೆಟ್ಟಗಾಗಿ ಸರ್ರನೆ ಆಚೆ ಕುರ್ಚಿ ಮುಟ್ಟಿತು!

ಚಾಳೀಸು ಸುಲಭಕ್ಕೆ ಬಗ್ಗುವವಳೇ? "ನಟ್ಟು ತೆಗೆದು ಬಿಡು, ಇನ್ನೂ ಜೋರಾಗಿ ಹೋಗುತ್ತೆ," ಅಂದಳು. ತೆಗೆದು ಬಿಟ್ಟೆವು. ಬುಗುರಿಯ ಹಾಗೆ ಗಿರಗಿರನೆ ಸುತ್ತಿ ಬೋರಲಾಯಿತು. ಅವಳು ತಾನೇ ನಟ್ಟನ್ನು ಎತ್ತಿ ಕ್ಯಾಬಿನ್ನಿಗೆ ಹಾಕಿದಳು. "ಇರ್ಲಿ ಬಿಡು. ಮಲ್ಕೊಂಡೇ ಇಷ್ಟು ಕೆಲಸ ಮಾಡ್ತಾಳೆ," ಅಂದಳು.

ಆದ್ದರಿಂದ ಕ್ಯಾಪ್ಟನ್ ಅವರೇ, ತಮ್ಮ ಸ್ಥಾನ ಭದ್ರ. ಬಾಗಿಲಲ್ಲಿ ನಿಂತಿದ್ದ ಅಪ್ಪ ಚಪ್ಪಾಳೆ ತಟ್ಟಿ, ಕಾಲುಚೀಲದಿಂದ ಕನ್ನಡಕ ತೆಗೆದು ವಾಹನವನ್ನು ಹತ್ತಿರದಿಂದ ನೋಡಿದರು. ನನಗೆ ಇವತ್ತು ತುಂಬಾ ಖುಷಿ.

ಕಿರಿಯಳು ಹರಸುವಂತಿಲ್ಲ, ಆದರೂ ಕದ್ದು ಹರಸುತ್ತೇನೆ: ನಿನ್ನ ಕ್ರೇನು ಯಾವ ಗಾಳಿಗೂ ಅಲುಗದಿರಲಿ, ಹೊತ್ತುಹೊತ್ತಿಗೆ ಊಟ ಸಿಗಲಿ, ಮೇಲೆ ಕೂತಾಗ ಕೆಳಗಿನವರು ಬೆಂಕಿಪೊಟ್ಟಣದಷ್ಟಾದರೂ ಕಾಣುತ್ತಿರಲಿ.

ಇತಿ ನಿನ್ನ ವಿಧೇಯ ತಂಗಿ,
ಪ್ರಧಾನ ವಾಹನಶಿಲ್ಪಿ, ಎಂಟು ಚಂದ್ರರ ವಲಯ

ತಾ.ಕ.: ನಿನ್ನ ಮೂಲೆ ಮುರಿದ ಹಸಿರು ದಾಳ ನನ್ನ ಹತ್ತಿರ ಇದೆ. ನೀನು ಹೋದ ದಿನವೇ ನಿನ್ನ ಖಾಲಿ ಡ್ರಾಯರಿನಲ್ಲಿ ಸಿಕ್ಕಿತು. ಬಾಚಣಿಗೆ, ಛತ್ರಿ, ಹರಿದ ದಿಂಬಿನ ಚೀಲ ಎಲ್ಲ ಒಯ್ದಿದ್ದೆ, ಅದೊಂದೇ ಉಳಿದಿತ್ತು. ಚಾಳೀಸುಗೆ ಹೇಳಿಲ್ಲ. ನಿನ್ನ ಪತ್ರಗಳಲ್ಲೂ ಆಟದ ಸುದ್ದಿ ಇರುವುದಿಲ್ಲ. ಮರೆತು ಹೋಗಿದ್ದರೆ ಕೂಡಲೇ ಬರಿ, ಕಳಿಸುತ್ತೇನೆ. ಬೇಕೆಂದೇ ಬಿಟ್ಟು ಹೋಗಿದ್ದರೆ, ಅಕ್ಕಾ, ನನ್ನ ಹಾಗೆ ನೀನೂ ಉತ್ತರ ತಡಮಾಡು.