ರೇಣುಕಪ್ಪನ ಒಪ್ಪಿಗೆ

ದಾಕ್ಷಾಯಣಮ್ಮ ಮೇಡಂ,

ನೀವಿದ್ದಿದ್ದರೆ ಇವತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಕೊಪ್ಪದ ನಮ್ಮ ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್‌ನವರು ತಪಾಸಣೆಗೆ ಬಂದಿದ್ದರು. ಮಾನ್ಯತೆ ಉಳಿಯುತ್ತದೋ ಇಲ್ಲವೋ ಎಂದು ಬೆಳಗಿನಿಂದ ನಾನು ಹುಡುಗಿಯರ ಹಾಜರಿ ಪುಸ್ತಕವನ್ನೇ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದೆ. ಲ್ಯಾಬಿನಲ್ಲಿ ನೀವು ರೇಣುಕಪ್ಪ ಎಂದು ಹೆಸರಿಟ್ಟ ಗೊಂಬೆಗೆ ಇಂಜೆಕ್ಷನ್ ಕೊಟ್ಟು ತೋರಿಸಲು ಮೆಣಸೆಯಿಂದ ಬರುವ ವಿದ್ಯಾರ್ಥಿನಿ ಭವ್ಯಳಿಗೆ ಹೇಳಿದರು.

"ರೇಣುಕಪ್ಪಣ್ಣ, ಸೊಂಟಕ್ಕೆ ಇಂಜೆಕ್ಷನ್ ಕೊಡ್ತೀನಿ, ಆಗ್ಬೋದಾ?" ಎಂದು ಕೇಳಿದ ಹುಡುಗಿ ಸಿರಿಂಜ್ ಹಿಡಿದು ಸುಮ್ಮನೆ ನಿಂತೇಬಿಟ್ಟಳು.

"ಯಾಕಮ್ಮ ನಿಂತೆ?" ಎಂದರು ತಪಾಸಣೆಯ ಮೇಡಂ.

"ಅವ್ರು ಇನ್ನೂ ಹೂಂ ಅಂದಿಲ್ಲ ಮೇಡಂ. ಹೂಂ ಅನ್ನದೆ ಚುಚ್ಚಬಾರ್ದು ಅಂತ ನಮ್ಮಲ್ಲಿ ರೂಲ್ಸು."

ನಿಮ್ಮ ರೂಲ್ಸು! ಮಾನ್ಯತೆ ಹೋಯಿತೆಂದೇ ಅಂದುಕೊಂಡೆ. ಆ ಮೇಡಂ ಮಂಚದ ತಲೆಯ ಕಡೆ ಬಂದು ನಿಂತು, ಗಂಡಸಿನ ದನಿ ಮಾಡಿಕೊಂಡು, "ಹೂಂ, ಕೊಡು ಮಾರಾಯ್ತಿ" ಎಂದರು. ಇಡೀ ಲ್ಯಾಬೇ ನಕ್ಕುಬಿಟ್ಟಿತು. ಮಾನ್ಯತೆಗೇನೂ ಭಯವಿಲ್ಲ ಎಂದು ಹೋಗುವಾಗ ಹೇಳಿಯೇ ಹೋದರು.

ನಿಮ್ಮ ಕಡೆಯ ದಿನ, ವಾರ್ಡಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ನಿಮ್ಮನ್ನು ಸೂಜಿ ಹಿಡಿದು ನಾನೂ ಹಾಗೇ ಕೇಳಿದ್ದೆ, ಮೇಡಂ. ನಿಮ್ಮ ಪರವಾಗಿ ಹೂಂ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ನಾನು ತುಂಬ ಹೊತ್ತು ಕಾದೆ.

ಕೃತಿಕಾ