ನೇರಳೆ ಮುಚ್ಚಳದ ಟ್ಯೂಬ್

ಮಾರ್ಚ್ ೪, ರಾತ್ರಿ ೩.೧೦

ಬಚ್ಚಲಿನ ಸದ್ದಿಗೆ ಎಚ್ಚರ. ತೊಟ್... ನಿಲ್ಲುತ್ತದೆ... ಮತ್ತೆ ತೊಟ್. ಅಪ್ಪ. ಈ ರಾತ್ರಿ ನಾಲ್ಕನೇ ಸಲ. ಮಗು ಏಳಬಾರದೆಂದು ದೀಪ ಹಾಕದೆ ಗೋಡೆ ಹಿಡಿದು ಹೋಗುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ಎರಡು ತಿಂಗಳು.

ಹೊರಗೆ ಬಂದವರು, "ನಿನ್ನ ಮಗಳಿಗಿಂತ ನನ್ನ ಕಾಟವೇ ಹೆಚ್ಚಾಯ್ತಲ್ಲೇ. ನಂಗೂ ಒಂದು ಕಟ್ಟು ಡಯಾಪರ್ ತಂದಿಡು" ಅಂದರು. ನಕ್ಕೆ. ಹಾಸಿಗೆಗೆ ಬಂದು ಅತ್ತೆ.

ಮಾರ್ಚ್ ೬, ಮಧ್ಯಾಹ್ನ

ಹೊಸ ಔಷಧಿಯ ಪ್ರಯೋಗಕ್ಕೆ ಅಪ್ಪನ ಹೆಸರು ಕೊಟ್ಟಾಯಿತು. ಗಡ್ಡೆ ತನ್ನನ್ನು ಸಾಕಿಕೊಳ್ಳಲು ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಹಾಗೆ ಬೆಳೆಸುವ ಅಂಶ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯಬೇಕು. ಹೆಚ್ಚಿದ್ದರೆ ಮಾತ್ರ ಔಷಧಿ. ಅಳೆಯುವುದು ನಮ್ಮ ಲ್ಯಾಬ್‌ನಲ್ಲೇ — ಬಾಣಂತಿ ರಜೆಗೆ ಮುಂಚೆ ನಾಲ್ಕು ವರ್ಷ ನಾನೇ ಮಾಡುತ್ತಿದ್ದ ಕೆಲಸ.

ಕ್ಯೂನಲ್ಲಿ ನಿಲ್ಲುವುದು ಬೇಡವೆಂದು ಮನೆಯಲ್ಲೇ ರಕ್ತ ತೆಗೆದೆ. ಮಗಳು ಕಿರುಚಿ ಅಳುತ್ತಿದ್ದಳು. ಒಂದು ಕೈ ತೊಟ್ಟಿಲಿಗೆ, ಒಂದು ಕೈ ಟ್ಯೂಬ್ ಹಾಕಿಟ್ಟಿದ್ದ ಅವಳ ಬಟ್ಟೆ ಚೀಲಕ್ಕೆ. "ಸೂಜಿ ನಂಗೆ, ಅಳು ಅವಳಿಗೆ. ಚೆನ್ನಾಗಿದೆ ನಿಮ್ಮ ನ್ಯಾಯ" ಅಂದರು ಅಪ್ಪ. ಆಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡೇ ಲ್ಯಾಬಿಗೆ ಹೋದೆ. ರಕ್ತವನ್ನು ಮಿಷನ್ನಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಪುಟ್ಟ ಸೀಸೆಗೆ ತೆಗೆದು, 'ಪ್ಲಾಸ್ಮಾ' ಎಂದು ಬರೆದು ಕೊಟ್ಟೆ. ಕೈಗೆ ರೂಢಿ; ಕಣ್ಣೆಲ್ಲ ಮಗಳ ಮೇಲೆ.

ಮಾರ್ಚ್ ೧೫

ಅಂಕಿ ಬಂತು. ಬಹಳ ಹೆಚ್ಚು.

"ಈ ಔಷಧಿಯಿಂದ ರಕ್ತಸ್ರಾವ ಆಗಬಹುದು. ಇವರಿಗೆ ಹೊಟ್ಟೆಹುಣ್ಣು ಬೇರೆ ಇದೆ" ಅಂದರು ಡಾಕ್ಟರು. "ಆದ್ರೆ ಈ ಅಂಕಿ ನೋಡಿದ್ರೆ ಕಾಯೋ ಹಾಗಿಲ್ಲ."

ಅಪ್ಪ ನನ್ನ ಕಡೆ ತಿರುಗಿದರು. "ನನ್ನ ಮಗಳೇ ತೆಗೆದ ರಕ್ತ. ತಪ್ಪೋ ಮಾತೇ ಇಲ್ಲ. ಕೊಡಿ ಡಾಕ್ಟ್ರೇ."

ಮಾರ್ಚ್ ೨೧, ರಾತ್ರಿ ೩.೧೦

ಅದೇ ಸದ್ದು. ತೊಟ್... ತೊಟ್. ಎದ್ದು ಬಚ್ಚಲ ಬಾಗಿಲು ತೆರೆದೆ. ಯಾರೂ ಇಲ್ಲ. ನೆಲ ಒಣಗಿದೆ, ನಲ್ಲಿ ಬಿಗಿಯಾಗಿದೆ. ಅಪ್ಪ ನಿನ್ನೆಯೇ ಆಸ್ಪತ್ರೆ ಸೇರಿದ್ದಾರಲ್ಲ. ಬೆಳಿಗ್ಗೆ ಆರಕ್ಕೆ ಆ ಔಷಧಿಯ ಮೊದಲ ಡ್ರಿಪ್.

ಮಗಳು ಎದ್ದಳು. ಬಟ್ಟೆ ಬದಲಿಸಲು ಅವಳ ಚೀಲಕ್ಕೆ ಕೈ ಹಾಕಿದೆ. ತಳದಲ್ಲಿ ಒಂದು ಟ್ಯೂಬ್. ನೇರಳೆ ಮುಚ್ಚಳ. ಖಾಲಿ.

ಆ ದಿನ ಲ್ಯಾಬಿನಿಂದ ತರಿಸಿಕೊಂಡದ್ದು ಎರಡೇ — ನೇರಳೆ ಒಂದು, ಬೇಕಾದೀತೆಂದು ಕೆಂಪು ಒಂದು. ನೇರಳೆಯದು ಇಲ್ಲಿ ಖಾಲಿ ಇದ್ದರೆ, ನಾನು ರಕ್ತ ತುಂಬಿದ್ದು...

ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ; ಈ ಪರೀಕ್ಷೆಗೆ ಬೇಕಾದದ್ದು ಅದೇ. ಕೆಂಪಿನದರಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ರಕ್ತದ ಕಣಗಳು ತಮ್ಮೊಳಗಿನ, ರಕ್ತನಾಳ ಬೆಳೆಸುವ ಅದೇ ಅಂಶವನ್ನು ಹೊರಗೆ ಸುರಿಯುತ್ತವೆ. ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುತ್ತಿದ್ದ ಪಾಠ.

೩.೫೦

ವಾರ್ಡಿಗೆ ಏಳು ಸಲ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಲ್ಲುತ್ತದೆ. ಡಾಕ್ಟರ ಫೋನ್ ಆಫ್. ಅಪ್ಪನದು ಇಲ್ಲೇ ಚಾರ್ಜಿನಲ್ಲಿದೆ, ಮರೆತು ಹೋಗಿದ್ದಾರೆ. ಟ್ಯಾಕ್ಸಿ ಯಾವುದೂ ಸಿಗುತ್ತಿಲ್ಲ.

ರೀ — ನೈಟ್ ಡ್ಯೂಟಿ ಮುಗಿಸಿ ಐದಕ್ಕೆ ಬರುತ್ತೀರಿ. ನಿಮ್ಮ ಫೋನ್ ಲಾಕರಿನಲ್ಲಿರುತ್ತದೆ, ಅದಕ್ಕೇ ಈ ಪುಸ್ತಕ ತೆರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಯಾರೂ ಓದಬಾರದೆಂದು ಬರೆದದ್ದು. ಓದಿ. ಬೈಯುವುದು ಆಮೇಲೆ. ಮಗಳನ್ನು ಎತ್ತಿಕೊಂಡು ನಡೆದೇ ಹೊರಟಿದ್ದೇನೆ. ಆರರೊಳಗೆ ಮುಟ್ಟುತ್ತೇನೋ ಇಲ್ಲವೋ. ವಾರ್ಡಿನ ನಂಬರ್ ಫ್ರಿಜ್ ಮೇಲಿದೆ. ದಾರಿಯುದ್ದಕ್ಕೂ ನಾನೂ ಮಾಡುತ್ತಿರುತ್ತೇನೆ, ಯಾರಾದರೂ ಎತ್ತುವವರೆಗೂ ನೀವೂ ಬಿಡಬೇಡಿ. ಕೆಂಪು ಮುಚ್ಚಳದ ರಕ್ತ ಅಂತ ಹೇಳಿ, ಅಷ್ಟು ಸಾಕು. ಪೇಶಂಟಿನ ಮಗಳದೇ ತಪ್ಪು, ನನ್ನದೇ, ಅಂತಲೂ ಹೇಳಿ. ಡ್ರಿಪ್ ಹಾಕಬೇಡಿ ಅಂತ — ನಿಮ್ಮ ಕಾಲಿಗೆ ಬೀಳುತ್ತೇನೆ ರೀ, ಬೆಳಗಾಗುವುದರೊಳಗೆ... ಬಚ್ಚಲಲ್ಲಿ ಮತ್ತೆ ತೊಟ್ ಅಂತಿದೆ, ನೋಡಲು ಹೋಗುವುದಿಲ್ಲ, ನೀವು ಮಾತ್ರ ಬಂದ ಕೂಡಲೇ ಫೋನ್