ನಾನು ತರದ ಬಿದಿರು

ಇಳಕಲ್ಲ, ತಾರೀಖು ೧೪ ದಶಂಬರ ೧೯೦೩

ನನ್ನ ಪ್ರೀತಿಯ ಅಳಿಯ ಹುಚ್ಚೇಶನಿಗೆ,

ಹುನಗುಂದದ ಮಾಮಲೇದಾರರು ಈ ತಿಮ್ಮಣ್ಣನನ್ನು ಕೇಳದೆ ಒಂದು ಕಾಗದಕ್ಕೂ ಸಹಿ ಹಾಕುವುದಿಲ್ಲ. ಅಂಥವನು ಕೆಲಸ ಬಿಟ್ಟು ಕೂತು ಬರೆಯುತ್ತಿದ್ದೇನೆ, ಪೂರಾ ಓದು. ಸೊಲ್ಲಾಪುರದ ಚಳಿ ನಿನ್ನ ಎದೆಗೆ ಬಿದ್ದಿಲ್ಲ ತಾನೆ? ಗಿರಣಿಯ ಹತ್ತಿಧೂಳಿಗೆ ಕೆಮ್ಮು ಬಂದರೆ ಬೆಲ್ಲ ತಿನ್ನು. ನಾನು ಗಟ್ಟಿಯಾಗಿದ್ದೇನೆ.

ನಿನ್ನ ಕಾಗದ ಮುಟ್ಟಿತು. 'ಮದುವೆಯ ಸೀರೆ ಬೇಗ ಬೇಕೆಂದು ನಾನೇ ಬರೆದೆ, ಅದಕ್ಕೇ ಪ್ಲೇಗಿನಲ್ಲೂ ಅವ್ವ ಮಗ್ಗ ಬಿಟ್ಟು ಏಳಲಿಲ್ಲ, ನಾನೇ ಕೊಂದೆ' ಎಂದು ಬರೆದಿದ್ದೀ. ಅವಳು ಮಗ್ಗ ಬಿಟ್ಟು ಏಳಲಿಲ್ಲವೆಂದು ನಿನಗೆ ತಿಳಿಸಿದವನು ನಾನು. ಹಣೆಬರಹ ಎಂದು ಸೇರಿಸಿದವನೂ ನಾನೇ. ನೆನಪಿದೆಯೇ, ನೀನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ನೇಯುವಾಗ ನಾನು ಕಟ್ಟೆಯ ಮೇಲೆ ಕೂತು, "ಎಲ್ಲಾ ಹಣ್ಯಾಗ ಬರದದ್ದು ಲೇ, ಕುಂತಾಂವ ನಾ ಅಲ್ಲ, ಕುಂದ್ರಿಸಿದಾಂವ ಅಂವಾ" ಎನ್ನುತ್ತಿದ್ದೆ. ನೀನು ತಲೆ ಎತ್ತದೆಯೇ, "ಹಂಗಾದ್ರ ಎಳಿ ಹರದ್ರ ನನಗ್ಯಾಕ ಬೈತೀ ಮಾವಾ? ಅಂವಗ ಬೈ" ಎನ್ನುತ್ತಿದ್ದಿ. ರಾಟಿಯ ಮುಂದೆ ನನ್ನ ಅಕ್ಕ, ನಿನ್ನ ಅವ್ವ, ನಗುತ್ತಿದ್ದಳು.

ಈಗ ಖರೆ ಬರೆಯುತ್ತೇನೆ. ಜಂತಿಯಿಂದ ಮೊದಲ ಇಲಿ ಸತ್ತು ಬಿದ್ದ ದಿನವೇ ಅಕ್ಕ ಆ ಸೀರೆಯನ್ನು ನೇಯ್ದಷ್ಟಕ್ಕೇ ಕತ್ತರಿಸಿ ಮಗ್ಗದಿಂದ ಇಳಿಸಿದಳು. ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಕೊಂಡಿ ಹಾಕುವುದು ಇನ್ನೂ ಬಾಕಿಯಿತ್ತು. ಹಾಗೆ ಕತ್ತರಿಸಿದ ಮೇಲೆ ಅದಕ್ಕೆ ಸೆರಗು ಕೂಡುವುದಿಲ್ಲ, ನಿನಗೇ ಗೊತ್ತು. "ಇರ್ಲಿ ಬಿಡು, ಇನ್ನೊಂದು ಸೀರಿ ನೇಯ್ತೇನಿ" ಎಂದಳು. ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕಲು ಬಿದಿರು, ತಟ್ಟಿ ತಾ ಎಂದು ಕೈಯಲ್ಲಿದ್ದ ದುಡ್ಡೆಲ್ಲ ಕೊಟ್ಟು ನನ್ನನ್ನು ಹುನಗುಂದಕ್ಕೆ ಕಳಿಸಿದಳು. ಬಟ್ಟೆಬರೆ ಕಟ್ಟಿಕೊಂಡು ಹೊಸ್ತಿಲಲ್ಲಿ ಕಾಯುತ್ತ ಕೂತಳು.

ಸಂಜೆಗೆ ನಾನು ಬರಿಗೈಯಲ್ಲಿ ಬಂದೆ. ಐವರು ಕಳ್ಳರು ಅಡ್ಡಗಟ್ಟಿದರು, ಇಬ್ಬರನ್ನು ಕೆಡವಿದೆ ಎಂದೆ. ಜಾಲಿಮುಳ್ಳಿನಿಂದ ನಾನೇ ಗೀರಿಕೊಂಡ ತೋಳಿಗೆ ಅವಳು ಅರಿಶಿನ ಹಚ್ಚಿದಳು. "ಜೀವ ಉಳೀತಲ್ಲೋ ತಮ್ಮಾ, ಸಾಕು" ಎಂದಳು. ಮತ್ತೆ ದುಡ್ಡು ಹೊಂದಿಸುವುದರೊಳಗೆ, ನಾಲ್ಕನೆಯ ದಿನ, ಅವಳ ಬಗಲಲ್ಲಿ ಗಡ್ಡೆ ಎದ್ದಿತು.

ಸೆರಗಿಲ್ಲದ ಆ ಸೀರೆ ಪೆಟ್ಟಿಗೆಯಲ್ಲಿದೆ. ನೀನು ಬರೆದದ್ದರಿಂದ ಏನೂ ಆಗಲಿಲ್ಲ ಮಗನೆ, ಊಟ ಬಿಡಬೇಡ. ಸಂಗಮನಾಥ ನಿನ್ನನ್ನು ಕಾಯಲಿ. ನನ್ನ ಆಶೀರ್ವಾದ ಬೇಡವೆನಿಸಿದರೆ ನಿನ್ನ ಅವ್ವನದು ಇದ್ದೇ ಇದೆ.

ನಿನ್ನ ಸೋದರಮಾವ
ತಿಮ್ಮಣ್ಣ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಕೂಗುತ್ತಿದ್ದಾನೆ. ದುಡ್ಡು ಎಲ್ಲಿ ಹೋಯಿತೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಹುನಗುಂದದ ಸಂತೆಯ ಬೇವಿನ ಮರದ ಕೆಳಗೆ ಇಸ್ಪೀಟಿನಲ್ಲಿ ಹೋಯಿತು. ಮೊದಲ ರೂಪಾಯಿ ಹೋದಾಗ ಎದ್ದೆ, ಚಪ್ಪಲಿ ಮೆಟ್ಟಿದೆ, ಬಿದಿರಿನವರ ಕಡೆ ಹತ್ತು ಹೆಜ್ಜೆ ನಡೆದೆ. ಹಿಂದಿನಿಂದ ಯಾರೂ ಕರೆಯಲಿಲ್ಲ ಹುಚ್ಚೇಶಾ. ನಾನೇ ತಿರುಗಿ ಬಂದು ಕೂತೆ. ಕಳ್ಳರು ಒಯ್ದದ್ದು ನೂರು ರೂಪಾಯಿ ಎಂದು ಊರಿಗೆಲ್ಲ ಹೇಳಿಕೊಂಡಿದ್ದೇನೆ. ಹೋದದ್ದು ಮೂರು ರೂಪಾಯಿ ಎರಡು ಆಣೆ.